ಜೋನ್ ರಿವರ್ಸ್: ಮೈಕ್ ಅವರದು, ಕುರ್ಚಿ ಚಾನೆಲ್‌ನದು

ಸ್ಟ್ಯಾಂಡ್‌ಅಪ್ ಮಾಡುವವರಿಗೂ, ಅಂದರೆ ಒಬ್ಬರೇ ಮೈಕ್ ಹಿಡಿದು ನಿಂತು ಜೋಕು ಹೇಳುವವರಿಗೂ, ಟಿವಿಯಲ್ಲಿ ಶೋ ನಡೆಸಿಕೊಡುವವರಿಗೂ ಏನು ವ್ಯತ್ಯಾಸ? ಮೇಲ್ನೋಟಕ್ಕೆ ಅಂಥದ್ದೇನೂ ಕಾಣಿಸುವುದಿಲ್ಲ. ಇಬ್ಬರೂ ಮಾತಾಡುತ್ತಾರೆ, ಇಬ್ಬರೂ ನಗಿಸುತ್ತಾರೆ, ಇಬ್ಬರ ಎದುರೂ ಜನ ಕೂತಿರುತ್ತಾರೆ. ಅಮೆರಿಕದಲ್ಲಂತೂ ಒಬ್ಬ ಕಾಮಿಡಿಯನ್ ಸ್ವಲ್ಪ ಹೆಸರು ಮಾಡಿದರೆ ಸಾಕು, ಇವರಿಗೆ ಸ್ವಂತ ಶೋ ಯಾವಾಗ ಸಿಗುತ್ತದೆ ಎಂಬ ಮಾತು ಶುರುವಾಗುತ್ತದೆ. ಜಾನಿ ಕಾರ್ಸನ್, ಡೇವಿಡ್ ಲೆಟರ್‌ಮನ್, ಜೇ ಲೆನೊ, ಆರ್ಸೆನಿಯೋ ಹಾಲ್, ಜಾನ್ ಸ್ಟುವರ್ಟ್, ಟ್ರೆವರ್ ನೋವಾ ಹೀಗೆ ಪಟ್ಟಿ ಉದ್ದವಿದೆ.

ಆದರೆ ಇವು ಎರಡು ಬೇರೆ ಬೇರೆ ಕಸುಬು. ಸ್ಟ್ಯಾಂಡ್‌ಅಪ್‌ನಲ್ಲಿ ಜೋಕು ಕಾಮಿಡಿಯನ್‌ನದೇ ಆಸ್ತಿ. ಒಂದು ಕ್ಲಬ್‌ನಿಂದ ಹೊರಗೆ ಹಾಕಿದರೆ ಅದೇ ಜೋಕು ಹಿಡಿದುಕೊಂಡು ಪಕ್ಕದ ಬೀದಿಯ ಕ್ಲಬ್‌ಗೆ ಹೋಗಬಹುದು. ಹೋಸ್ಟ್ ಆದವರಿಗೆ ಆ ಸೌಕರ್ಯ ಇಲ್ಲ. ಕೂರುವ ಕುರ್ಚಿ ಚಾನೆಲ್‌ನದು, ಸಮಯ ಜಾಹೀರಾತುದಾರರದು, ಅತಿಥಿಗಳು ಬರುವುದು ಅವರವರ ಸಿನಿಮಾ ಬಿಡುಗಡೆಯ ಲೆಕ್ಕದಲ್ಲಿ. ನಗಿಸಲು ಬಂದರೆ ಸಾಲದು, ಈ ಎಲ್ಲರನ್ನೂ ಸಂಭಾಳಿಸಲು ಬರಬೇಕು.

ಈ ಎರಡು ಕಸುಬುಗಳ ನಡುವಿನ ತಿಕ್ಕಾಟವನ್ನು ಒಬ್ಬರ ಬದುಕಿನಲ್ಲೇ ನೋಡಬೇಕು ಅಂದರೆ ಅಮೆರಿಕದ ಕಾಮಿಡಿಯನ್ ಜೋನ್ ರಿವರ್ಸ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕ್ಲಬ್, ತಡರಾತ್ರಿಯ ಶೋ, ಹಗಲಿನ ಶೋ, ಟಿವಿಯಲ್ಲಿ ಆಭರಣದ ಮಾರಾಟ, ಆಸ್ಕರ್‌ನ ರೆಡ್ ಕಾರ್ಪೆಟ್, ರಿಯಾಲಿಟಿ ಶೋ, ಎಲ್ಲಾ ಕಡೆ ಅವರು ಇದ್ದರು. ಬಹುತೇಕ ಎಲ್ಲಾ ಕುರ್ಚಿಗಳನ್ನೂ ಒಂದಲ್ಲ ಒಂದು ದಿನ ಕಳೆದುಕೊಂಡರು ಕೂಡ.

ಡಾಕ್ಟರ್ ಮನೆಯ ಹುಡುಗಿ

ಅವರ ಹುಟ್ಟುಹೆಸರು ಜೋನ್ ಅಲೆಕ್ಸಾಂಡ್ರಾ ಮೊಲಿನ್‌ಸ್ಕಿ. 1933ರ ಜೂನ್ 8ರಂದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬ. ತಂದೆ ಡಾಕ್ಟರ್. ಬರ್ನಾರ್ಡ್ ಕಾಲೇಜಿನಲ್ಲಿ ಓದಿ 1954ರಲ್ಲಿ ಪದವಿ ಮುಗಿಸಿದರು. ಆ ಕಾಲದ ಅಂಥ ಮನೆಗಳಲ್ಲಿ ಮುಂದಿನ ಹೆಜ್ಜೆ ಏನೆಂದು ಕೇಳಬೇಕಾಗಿಯೇ ಇರಲಿಲ್ಲ. ಒಳ್ಳೆಯ ಕಡೆ ಮದುವೆ. ಮಗಳು ಸ್ಟೇಜ್ ಹತ್ತುತ್ತೇನೆ ಅಂದಾಗ ಮನೆಯವರಿಗೆ ಇಷ್ಟವಾಗಲಿಲ್ಲ.

ಶುರುವಿನ ವರ್ಷಗಳಲ್ಲಿ ಸಿಕ್ಕಿದ್ದೆಲ್ಲಾ ಮಾಡಿದರು. ಬೋಸ್ಟನ್ನಿನ ಒಂದು ಸ್ಟ್ರಿಪ್ ಕ್ಲಬ್‌ನಲ್ಲಿ 'ಪೆಪ್ಪರ್ ಜನವರಿ' ಎಂಬ ಹೆಸರಲ್ಲಿ ಜೋಕು ಹೇಳಲು ಹೋಗಿ, ಮೊದಲ ಶೋ ಮುಗಿದ ಕೂಡಲೇ ಕೆಲಸ ಕಳೆದುಕೊಂಡರು. ಅಲ್ಲಿಗೆ ಬಂದ ಗಂಡಸರಿಗೆ ಬೇಕಾಗಿದ್ದೇ ಬೇರೆ, ಪಾಪ. ಏಜೆಂಟ್ ಒಬ್ಬರು ಮೊಲಿನ್‌ಸ್ಕಿ ಎಂಬ ಹೆಸರು ನಡೆಯುವುದಿಲ್ಲ, ಬದಲಾಯಿಸು ಎಂದಾಗ, ಅವರು ಆ ಏಜೆಂಟನ ಹೆಸರನ್ನೇ ಎತ್ತಿಕೊಂಡರು. ಆತನ ಹೆಸರು ಟೋನಿ ರಿವರ್ಸ್.

1960ರ ದಶಕದ ಆರಂಭದಲ್ಲಿ ಶಿಕಾಗೋದ 'ಸೆಕೆಂಡ್ ಸಿಟಿ' ತಂಡದಲ್ಲಿ ಕೆಲಕಾಲ ಇದ್ದರು. ಬರೆದದ್ದನ್ನು ಒಪ್ಪಿಸದೆ, ನಿಂತ ನಿಲುವಿನಲ್ಲಿ ದೃಶ್ಯ ಕಟ್ಟುವುದು ಈ ತಂಡದ ವಿಶೇಷ. ಅಲ್ಲಿಂದ ಮರಳಿ ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ಗೆ ಬಂದರು. ಅಲ್ಲಿನ ಪುಟ್ಟ ಕಾಫಿ ಹೌಸ್‌ಗಳಲ್ಲಿ, ಕ್ಲಬ್‌ಗಳಲ್ಲಿ ಆಗ ಹೊಸ ಬಗೆಯ ಕಾಮಿಡಿ ಹುಟ್ಟುತ್ತಿತ್ತು. ಹಿಂದಿನ ತಲೆಮಾರಿನವರು ಯಾರೋ ಬರೆದುಕೊಟ್ಟ ಅತ್ತೆ-ಸೊಸೆ ಜೋಕು ಹೇಳುತ್ತಿದ್ದರು. ಇಲ್ಲಿನವರು ತಮ್ಮದೇ ಬದುಕನ್ನು ಸ್ಟೇಜ್ ಮೇಲೆ ಹರವುತ್ತಿದ್ದರು. ಆಗ ಈ ದಾರಿಯ ದೊಡ್ಡ ಹೆಸರು ಲೆನಿ ಬ್ರೂಸ್. ಒಂದು ರಾತ್ರಿ ಜೋನ್ ಅವರ ಶೋ ಪೂರ್ತಿ ನೆಲಕಚ್ಚಿದಾಗ, ನೋಡಲು ಬಂದಿದ್ದ ಬ್ರೂಸ್ ಒಂದು ಚೀಟಿ ಕಳಿಸಿದರಂತೆ: ನೀನು ಸರಿ, ತಪ್ಪು ಅವರದು. ಆ ಚೀಟಿಯನ್ನು ತುಂಬಾ ಕಾಲ ಜೊತೆಯಲ್ಲೇ ಇಟ್ಟುಕೊಂಡಿದ್ದಾಗಿ ಜೋನ್ ಎಷ್ಟೋ ಸಲ ಹೇಳಿದ್ದಾರೆ.

ಹೊಟ್ಟೆಪಾಡಿಗೆ ಟಿವಿಗೆ ಬರೆಯುತ್ತಿದ್ದರು. ಗುಟ್ಟಾಗಿ ಕ್ಯಾಮೆರಾ ಇಟ್ಟು ಜನರನ್ನು ಪೇಚಿಗೆ ಸಿಲುಕಿಸುವ ಒಂದು ಜನಪ್ರಿಯ ಶೋಗೂ ಬರೆದರು. ಬಾಗಿಲು ತೆರೆದದ್ದು ಈ ಬರವಣಿಗೆಯಿಂದಲೇ.

ಹತ್ತು ನಿಮಿಷ

ಇಲ್ಲಿ ಸ್ವಲ್ಪ ನಿಂತು, ಆಗಿನ ಅಮೆರಿಕದ ಟಿವಿ ಹೇಗಿತ್ತು ಎಂದು ನೋಡಬೇಕು. ದೇಶಕ್ಕೆಲ್ಲಾ ಮೂರೇ ದೊಡ್ಡ ನೆಟ್‌ವರ್ಕ್: ಎನ್‌ಬಿಸಿ, ಸಿಬಿಎಸ್, ಎಬಿಸಿ. ರಾತ್ರಿ ಹನ್ನೊಂದರ ನ್ಯೂಸ್ ಮುಗಿದ ಮೇಲೆ ಜನ ಹಾಸಿಗೆಯಲ್ಲಿ ಉರುಳಿಕೊಂಡು ನೋಡುತ್ತಿದ್ದದ್ದು ಎನ್‌ಬಿಸಿಯ 'ಟುನೈಟ್ ಶೋ'. ಜಾನಿ ಕಾರ್ಸನ್ ಅದನ್ನು 1962ರ ಅಕ್ಟೋಬರ್‌ನಿಂದ 1992ರ ಮೇ ತನಕ, ಹತ್ತಿರ ಹತ್ತಿರ ಮೂವತ್ತು ವರ್ಷ ನಡೆಸಿದರು. ಮೊದಲು ನಿಂತುಕೊಂಡು ದಿನದ ಸುದ್ದಿಯ ಮೇಲೆ ಜೋಕು, ಆಮೇಲೆ ಮೇಜಿನ ಹಿಂದೆ ಕುರ್ಚಿ, ಪಕ್ಕದ ಸೋಫಾದಲ್ಲಿ ಅತಿಥಿಗಳು. ಇವತ್ತಿಗೂ ಜಗತ್ತಿನ ಅರ್ಧ ಟಾಕ್ ಶೋಗಳು ಇದೇ ನಕ್ಷೆಯ ಮೇಲೆ ನಿಂತಿವೆ.

ಕಾಮಿಡಿಯನ್‌ಗಳಿಗೆ ಇದು ಬರೀ ಶೋ ಆಗಿರಲಿಲ್ಲ, ಪರೀಕ್ಷೆಯ ಹಾಲ್ ಆಗಿತ್ತು. ಒಬ್ಬ ಹೊಸಬ ಪರದೆಯ ಹಿಂದಿನಿಂದ ಬಂದು ಐದಾರು ನಿಮಿಷ ಮಾತಾಡುತ್ತಾನೆ. ಕಾರ್ಸನ್‌ಗೆ ಇಷ್ಟವಾದರೆ ಸೋಫಾದ ಕಡೆ ಕೈ ಬೀಸುತ್ತಾರೆ. ಆ ಕೈಸನ್ನೆ ಸಿಕ್ಕಿದವನಿಗೆ ಮಾರನೇ ದಿನದಿಂದ ಬುಕಿಂಗ್. ಸಿಗದಿದ್ದರೆ ಮತ್ತೆ ಕ್ಲಬ್‌ಗೆ.

1965ರ ಫೆಬ್ರವರಿ 17ರಂದು ಜೋನ್ ರಿವರ್ಸ್‌ಗೆ ಸರದಿ ಬಂತು. ಅದಕ್ಕೂ ಮೊದಲು ಆ ಶೋನವರು ಅವರನ್ನು ಹಲವು ಸಲ ಬೇಡ ಅಂದಿದ್ದರು. ಈ ಸಲವೂ ಅವರನ್ನು ಕರೆದದ್ದು ಕಾಮಿಡಿಯನ್ ಎಂದಲ್ಲ, ಬರಹಗಾರ್ತಿ ಎಂದು. ಅದೂ ಶೋನ ಕಟ್ಟಕಡೆಯ ಹತ್ತು ನಿಮಿಷಕ್ಕೆ. ಅಷ್ಟು ಹೊತ್ತಿಗೆ ಅರ್ಧ ದೇಶ ಮಲಗಿರುತ್ತದೆ. ಆದರೆ ಇದರಿಂದ ಒಂದು ಲಾಭವೂ ಆಯಿತು. ನಿಂತುಕೊಂಡು ಜೋಕು ಒಪ್ಪಿಸುವ ಬದಲು ಅವರು ನೇರವಾಗಿ ಕಾರ್ಸನ್ ಪಕ್ಕದಲ್ಲಿ ಕೂತು ಹರಟೆ ಹೊಡೆದರು. ಕಾರ್ಸನ್ ನಕ್ಕು ನಕ್ಕು ಸುಸ್ತಾದರು. ನೀನು ಸ್ಟಾರ್ ಆಗ್ತೀಯ ಎಂದು ಕ್ಯಾಮೆರಾ ಮುಂದೆಯೇ ಹೇಳಿದರು.

ಆಗ ಅವರಿಗೆ 31 ವರ್ಷ. ಅದೇ ವರ್ಷ ಜುಲೈನಲ್ಲಿ ನಿರ್ಮಾಪಕ ಎಡ್ಗರ್ ರೋಸೆನ್‌ಬರ್ಗ್ ಅವರನ್ನು ಮದುವೆಯಾದರು. 1968ರಲ್ಲಿ ಮಗಳು ಮೆಲಿಸ್ಸಾ ಹುಟ್ಟಿದಳು. ಅದೇ ವರ್ಷ ಹಗಲು ಹೊತ್ತಿನ ಒಂದು ಸಣ್ಣ ಶೋ ಕೂಡ ಸಿಕ್ಕಿತು. ಅದಕ್ಕೆ ಮೊದಲ ಅತಿಥಿಯಾಗಿ ಬಂದವರು ಸ್ವತಃ ಕಾರ್ಸನ್. ಶೋ ಹೆಚ್ಚು ದಿನ ನಡೆಯಲಿಲ್ಲ, ಬಿಡಿ.

ಅವರ ಜೋಕಿನ ರೀತಿ ಎಂಥದ್ದು ಎಂದು ಒಂದನ್ನಾದರೂ ಬಿಡಿಸಿ ನೋಡಬೇಕು. ತುಂಬಾ ಪ್ರಸಿದ್ಧವಾದ ಒಂದು ಹೀಗಿದೆ. ಗಂಡ ಹೆಂಡಿರ ವಿಷಯದಲ್ಲಿ ಅಮ್ಮ ಹೇಳಿಕೊಟ್ಟದ್ದು ಇಷ್ಟೇ, ಗಂಡ ಮೇಲೆ, ಹೆಂಡತಿ ಕೆಳಗೆ ಅಂತ. ಹಾಗಾಗಿ ಮದುವೆಯಾಗಿ ಮೂರು ವರ್ಷ ನಾವಿಬ್ಬರೂ ಒಂದರ ಮೇಲೊಂದು ಮಂಚವಿರುವ ಬಂಕ್ ಬೆಡ್‌ನಲ್ಲಿ ಮಲಗಿದೆವು. ಎರಡೇ ಸಾಲು. ಆದರೆ ಏಟು ಎಷ್ಟು ಜನಕ್ಕೆ ಬಿತ್ತು ನೋಡಿ. ಮೊದಲು ತನಗೇ, ಅಷ್ಟು ಪೆದ್ದಿ ಅಂತ. ಆಮೇಲೆ ಅಮ್ಮನಿಗೆ. ಕೊನೆಗೆ ಹೆಣ್ಣುಮಕ್ಕಳಿಗೆ ಏನನ್ನೂ ಬಿಡಿಸಿ ಹೇಳದೆ ಮದುವೆ ಮಾಡಿ ಕಳಿಸುತ್ತಿದ್ದ ಇಡೀ ಆ ಕಾಲಕ್ಕೆ. ಹೆಂಗಸರು ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದದ್ದನ್ನು ಅವರು ಮೈಕ್ ಹಿಡಿದು ಗಟ್ಟಿಯಾಗಿ ಹೇಳಿದರು. ಮುಪ್ಪು, ಮೈಮಾಟ, ಮುಖದ ಸರ್ಜರಿ, ಗಂಡನ ಆಲಸ್ಯ, ಯಾವುದನ್ನೂ ಬಿಡಲಿಲ್ಲ. ಸರ್ಜರಿಯನ್ನಂತೂ ತಾವೇ ಮಾಡಿಸಿಕೊಂಡು, ತಾವೇ ಅದರ ಬಗ್ಗೆ ಜೋಕು ಮಾಡಿ, ಆಡಿಕೊಳ್ಳುವವರ ಬಾಯಿ ಮೊದಲೇ ಮುಚ್ಚಿಸಿದರು.

ಇನ್ನೊಬ್ಬರ ಕುರ್ಚಿಯಲ್ಲಿ

ದಿನಾ ಶೋ ನಡೆಸುವವರಿಗೂ ರಜೆ ಬೇಕಲ್ವಾ? ಕಾರ್ಸನ್ ವರ್ಷ ಕಳೆದಂತೆ ಹೆಚ್ಚು ಹೆಚ್ಚು ರಜೆ ಹಾಕುತ್ತಿದ್ದರು. ಆಗ ಅವರ ಜಾಗದಲ್ಲಿ ಬೇರೆಯವರು ಕೂರುತ್ತಿದ್ದರು. ಇವರನ್ನು ಗೆಸ್ಟ್ ಹೋಸ್ಟ್ ಅನ್ನುತ್ತಾರೆ. 1983ರಲ್ಲಿ ಜೋನ್ ಅವರನ್ನು ಖಾಯಂ ಗೆಸ್ಟ್ ಹೋಸ್ಟ್ ಮಾಡಲಾಯಿತು. ಅಲ್ಲಿ ತನಕ ಯಾರಿಗೂ ಆ ಪಟ್ಟ ಹಾಗೆ ಸಿಕ್ಕಿರಲಿಲ್ಲ. ಕಾರ್ಸನ್ ಮೆಲುದನಿಯ ಮನುಷ್ಯ, ಅತಿಥಿಗೆ ಮುಜುಗರವಾಗದಂತೆ ನೋಡಿಕೊಳ್ಳುವವರು. ಜೋನ್ ಬಂದರೆ ಸೋಫಾದ ಮೇಲೆ ಕೂತವರ ಮದುವೆ, ವಿಚ್ಛೇದನ, ವಯಸ್ಸು ಎಲ್ಲಾ ಹೊರಗೆ. 'ಕ್ಯಾನ್ ವಿ ಟಾಕ್?' ಎಂದು ಮುಂದೆ ಬಾಗಿ ಕೇಳುವ ಅವರ ಶೈಲಿ ಆ ವರ್ಷಗಳಲ್ಲಿ ಮನೆಮಾತಾಯಿತು.

ಆದರೆ 'ಖಾಯಂ ಗೆಸ್ಟ್' ಎಂಬುದು ಎಂಥ ಹುದ್ದೆ ಎಂದು ಯೋಚಿಸಿ. ಗೆಲುವಿನ ರುಚಿ ಇದೆ, ಹಕ್ಕು ಇಲ್ಲ. ಕಾರ್ಸನ್ ನಿವೃತ್ತರಾದರೆ ಯಾರು ಎಂದು ಎನ್‌ಬಿಸಿ ಒಳಗೊಳಗೇ ಮಾಡಿದ್ದ ಹೆಸರುಗಳ ಪಟ್ಟಿಯೊಂದು ತನ್ನ ಕಣ್ಣಿಗೆ ಬಿತ್ತು, ಅದರಲ್ಲಿ ತನ್ನ ಹೆಸರೇ ಇರಲಿಲ್ಲ ಎಂದು ಜೋನ್ ಮುಂದೆ ಹೇಳಿದರು. ವರ್ಷಗಟ್ಟಲೆ ಆ ಕುರ್ಚಿ ಬೆಚ್ಚಗಿಟ್ಟವರಿಗೆ ಇದು ಎಷ್ಟು ಚುಚ್ಚಿರಬೇಡ.

ಅದೇ ಹೊತ್ತಿಗೆ ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡಾಕ್ ನಾಲ್ಕನೇ ನೆಟ್‌ವರ್ಕ್ ಕಟ್ಟಲು ಹೊರಟಿದ್ದರು. ಹೆಸರು ಫಾಕ್ಸ್. ಅದರ ಉಸ್ತುವಾರಿ ಬ್ಯಾರಿ ಡಿಲರ್ ಅವರದು. ಹೊಸ ನೆಟ್‌ವರ್ಕ್‌ನ ಮೊಟ್ಟಮೊದಲ ಕಾರ್ಯಕ್ರಮವಾಗಿ ತಡರಾತ್ರಿಯ ಶೋ ಕೊಡುತ್ತೇವೆ, ನಿಮ್ಮ ಹೆಸರಲ್ಲೇ, ಬನ್ನಿ ಎಂದರು. 1986ರ ಮೇ ತಿಂಗಳಲ್ಲಿ ಸುದ್ದಿ ಹೊರಬಿತ್ತು. ಅದೇ ಅಕ್ಟೋಬರ್ 9ಕ್ಕೆ ಶೋ ಶುರುವಾಯಿತು. ದೊಡ್ಡ ನೆಟ್‌ವರ್ಕ್ ಒಂದರಲ್ಲಿ ಸ್ವಂತ ತಡರಾತ್ರಿ ಟಾಕ್ ಶೋ ನಡೆಸಿದ ಮೊದಲ ಮಹಿಳೆ ಅವರೇ. ಮೊದಲ ರಾತ್ರಿಯ ಅತಿಥಿಗಳಲ್ಲಿ ಎಲ್ಟನ್ ಜಾನ್ ಮತ್ತು ಶೆರ್ ಇದ್ದರು.

ಕಾರ್ಸನ್ ಮಾತು ಬಿಟ್ಟರು. ತನಗೆ ಮೊದಲು ಹೇಳಲಿಲ್ಲ ಎಂಬುದು ಅವರ ಸಿಟ್ಟು. ತಾನೇ ಫೋನ್ ಮಾಡಿದೆ, ಅವರು ಕುಕ್ಕಿಬಿಟ್ಟರು ಎಂಬುದು ಜೋನ್ ಹೇಳುವ ಕಥೆ. ಯಾರ ಕಥೆ ಎಷ್ಟು ನಿಜವೋ, ಫೋನ್ ಬಂದದ್ದು ಸುದ್ದಿ ಸೋರಿದ ಮೇಲೆ ಎಂಬುದು ಕಾರ್ಸನ್ ಕಡೆಯವರ ತಕರಾರು. ನನಗನಿಸುವುದು, ಇಲ್ಲಿ ಇಬ್ಬರೂ ಬೇರೆ ಬೇರೆ ಲೆಕ್ಕದ ಪುಸ್ತಕ ಹಿಡಿದುಕೊಂಡಿದ್ದರು. ಕಾರ್ಸನ್ ಅದನ್ನು ಋಣ ಎಂದು ಬರೆದುಕೊಂಡಿದ್ದರು, ಜೋನ್ ಕೆಲಸ ಎಂದು. ಇಪ್ಪತ್ತೊಂದು ವರ್ಷದ ಸ್ನೇಹ ಅಲ್ಲಿಗೆ ಮುಗಿಯಿತು. 2005ರ ಜನವರಿಯಲ್ಲಿ ಸಾಯುವ ತನಕ ಕಾರ್ಸನ್ ಅವರೊಂದಿಗೆ ಮಾತಾಡಲಿಲ್ಲ. ಅವರ ನಂತರ ಬಂದ ಜೇ ಲೆನೊ ಕೂಡ ಜೋನ್ ಅವರನ್ನು ಶೋಗೆ ಕರೆಯಲಿಲ್ಲ.

ಫಾಕ್ಸ್ ಶೋ ಯಾಕೆ ಮುಳುಗಿತು

ಜೋಕು ಚೆನ್ನಾಗಿರಲಿಲ್ಲ, ಹಾಗಾಗಿ ಮುಳುಗಿತು ಎಂದು ಸುಲಭವಾಗಿ ಹೇಳಿಬಿಡಬಹುದು. ನಿಜವಾದ ಕಾರಣಗಳು ಟಿವಿಯ ವ್ಯಾಪಾರದಲ್ಲಿವೆ.

ಅಮೆರಿಕದ ನೆಟ್‌ವರ್ಕ್ ಎಂದರೆ ಒಂದೇ ಚಾನೆಲ್ ಅಲ್ಲ. ಪ್ರತಿ ಊರಲ್ಲೂ ಒಂದೊಂದು ಸ್ಟೇಷನ್ ಇರುತ್ತದೆ. ಅದರ ಮಾಲೀಕ ಬೇರೆ. ನೆಟ್‌ವರ್ಕ್ ಕಾರ್ಯಕ್ರಮ ಕೊಡುತ್ತದೆ, ಸ್ಟೇಷನ್ ಅದನ್ನು ಹಾಕುತ್ತದೆ, ಜಾಹೀರಾತಿನ ಸಮಯವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಎನ್‌ಬಿಸಿಗೆ ದೇಶದ ತುಂಬಾ ಇನ್ನೂರರಷ್ಟು ಸ್ಟೇಷನ್‌ಗಳಿದ್ದವು, ಅದೂ ದಶಕಗಳಿಂದ ಜನಕ್ಕೆ ಗೊತ್ತಿದ್ದವು. ಫಾಕ್ಸ್‌ಗೆ ಸಿಕ್ಕಿದ್ದು ಅದರ ಅರ್ಧದಷ್ಟು. ಹಳೇ ಸಿನಿಮಾ, ಹಳೇ ಧಾರಾವಾಹಿ ಮರುಪ್ರಸಾರ ಮಾಡುತ್ತಿದ್ದ ಸ್ವತಂತ್ರ ಸ್ಟೇಷನ್‌ಗಳೇ ಜಾಸ್ತಿ. ಎಷ್ಟೋ ಕಡೆ ಸಿಗ್ನಲ್ ಕೂಡ ಸರಿಯಾಗಿ ಬರುತ್ತಿರಲಿಲ್ಲ.

ಇನ್ನೊಂದು ತೊಂದರೆ ಇತ್ತು. ತಡರಾತ್ರಿಯ ಶೋಗೆ ಜನ ಎಲ್ಲಿಂದ ಬರುತ್ತಾರೆ? ಸಂಜೆಯ ಧಾರಾವಾಹಿ ನೋಡಿ, ಆಮೇಲೆ ನ್ಯೂಸ್ ನೋಡಿ, ಚಾನೆಲ್ ಬದಲಾಯಿಸಲು ಸೋಮಾರಿತನವಾಗಿ ಅಲ್ಲೇ ಉಳಿದವರು. ಕಾರ್ಸನ್‌ಗೆ ಆ ಜನ ಪುಕ್ಕಟೆಯಾಗಿ ಸಿಗುತ್ತಿದ್ದರು. ಫಾಕ್ಸ್‌ನಲ್ಲಿ ಸಂಜೆಯ ಕಾರ್ಯಕ್ರಮಗಳೇ ಇರಲಿಲ್ಲ, ಅವು ಶುರುವಾದದ್ದು 1987ರ ಏಪ್ರಿಲ್‌ನಲ್ಲಿ. ಅಂದರೆ ಆರು ತಿಂಗಳು ಜೋನ್ ಅವರ ಶೋ ಅಕ್ಷರಶಃ ಒಂಟಿಯಾಗಿ ಒಂದು ಇಡೀ ನೆಟ್‌ವರ್ಕನ್ನು ಹೊತ್ತುಕೊಂಡಿತ್ತು. ಕಾರ್ಸನ್ ಎದುರಿಗೆ ನಿಂತ ಶೋ ಆದ್ದರಿಂದ ಅತಿಥಿಗಳಿಗೂ ಇಕ್ಕಟ್ಟು. ಅಲ್ಲಿಗೆ ಹೋದರೆ ಇಲ್ಲಿ ಕರೆಯುತ್ತಾರೋ ಇಲ್ಲವೋ ಎಂಬ ಅಳುಕು.

ಒಳಗೂ ಜಗಳ. ಎಡ್ಗರ್ ಶೋನ ಕಾರ್ಯನಿರ್ವಾಹಕ ನಿರ್ಮಾಪಕರಾಗಿದ್ದರು. ಅವರಿಗೂ ಫಾಕ್ಸ್‌ನವರಿಗೂ ಸರಿಹೋಗಲಿಲ್ಲ. ಎಡ್ಗರ್ ಹೊರಗೆ ಹೋಗಲಿ ಎಂದು ಚಾನೆಲ್ ಒತ್ತಡ ಹಾಕಿತು. ಜೋನ್ ಒಪ್ಪಲಿಲ್ಲ. 1987ರ ಮೇನಲ್ಲಿ ಇಬ್ಬರಿಗೂ ಗೇಟ್‌ಪಾಸ್ ಕೊಟ್ಟರು. ಕ್ಲಬ್‌ನಲ್ಲಿ ಗಂಡನ ಮೇಲೆ ಎಷ್ಟು ಬೇಕಾದರೂ ಜೋಕು ಮಾಡಬಹುದು, ಆದರೆ ಶೋ ನಡೆಸುವಾಗ ಗಂಡನೇ ನಿರ್ಮಾಪಕನಾದರೆ ಚಾನೆಲ್ ಜೊತೆಗಿನ ಪ್ರತಿ ತಕರಾರೂ ಮನೆಯ ಜಗಳವಾಗುತ್ತದೆ. ಹೋಸ್ಟ್ ಕೆಲಸದ ಈ ಮುಖ ಸ್ಟ್ಯಾಂಡ್‌ಅಪ್ ಯಾರಿಗೂ ಕಲಿಸುವುದಿಲ್ಲ.

ಜೋನ್ ಹೋದ ಮೇಲೆ ಫಾಕ್ಸ್ ಅದೇ ಕುರ್ಚಿಯಲ್ಲಿ ಬೇರೆ ಬೇರೆಯವರನ್ನು ಕೂರಿಸಿ ನೋಡಿತು. ಅವರಲ್ಲಿ ಮಿಂಚಿದವರು ಆರ್ಸೆನಿಯೋ ಹಾಲ್, ಅವರೂ ಸ್ಟ್ಯಾಂಡ್‌ಅಪ್‌ನಿಂದ ಬಂದವರೇ. 1989ರಲ್ಲಿ ಅವರದೇ ಶೋ ಶುರುವಾಗಿ ಜೋರಾಗಿ ಓಡಿತು.

1987ರ ಆಗಸ್ಟ್ 14ರಂದು, ಶೋ ಕಳೆದುಕೊಂಡ ಮೂರೇ ತಿಂಗಳಿಗೆ, ಎಡ್ಗರ್ ಫಿಲಡೆಲ್ಫಿಯಾದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಜೋನ್‌ಗೆ 54 ವರ್ಷ. ಗಂಡ ಇಲ್ಲ, ಕೆಲಸ ಇಲ್ಲ, ಸಾಲ ಇದೆ, ಮಗಳು ದುಃಖದಲ್ಲಿ ದೂರವಾಗಿದ್ದಾಳೆ. ಕೆಲಸ ಕೊಡಲು ಯಾರೂ ಮುಂದೆ ಬರಲಿಲ್ಲ. ಬದುಕು ಮುಗಿಸಿಕೊಳ್ಳುವ ಯೋಚನೆ ತನಗೂ ಬಂದಿತ್ತು ಎಂದು ಅವರು ಮುಂದೆ ಮುಚ್ಚುಮರೆ ಇಲ್ಲದೆ ಹೇಳಿದರು.

ಆಮೇಲೆ ಮಾಡಿದ್ದು ಅವರು ಮಾತ್ರ ಮಾಡಬಹುದಾದ ಕೆಲಸ. ಎಡ್ಗರ್ ಸಾವಿನ ಬಗ್ಗೆಯೂ ಸ್ಟೇಜ್ ಮೇಲೆ ಜೋಕು ಹೇಳತೊಡಗಿದರು. ಜನ ಮೊದಲು ಬೆಚ್ಚಿಬೀಳುತ್ತಿದ್ದರು, ಆಮೇಲೆ ನಗುತ್ತಿದ್ದರು. 1994ರಲ್ಲಿ ತಾಯಿ ಮಗಳ ಈ ಸಂಕಟದ ಮೇಲೆ ಟಿವಿ ಸಿನಿಮಾ ಬಂದಾಗ ತಾಯಿಯ ಪಾತ್ರ ತಾಯಿಯೇ, ಮಗಳ ಪಾತ್ರ ಮಗಳೇ ಮಾಡಿದರು. ಇದನ್ನು ಧೈರ್ಯ ಅನ್ನಬೇಕೋ, ಗೀಳು ಅನ್ನಬೇಕೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಬಹುಶಃ ಎರಡೂ.

ಹೊಸ ಕುರ್ಚಿಗಳು

1988ರಲ್ಲಿ ಬ್ರಾಡ್‌ವೇ ನಾಟಕವೊಂದರಲ್ಲಿ ಪಾತ್ರ ಸಿಕ್ಕಿ ನ್ಯೂಯಾರ್ಕ್‌ಗೆ ವಾಪಸಾದರು. 1989ರಲ್ಲಿ ಹಗಲು ಹೊತ್ತಿನ ಟಾಕ್ ಶೋ ಶುರುವಾಯಿತು. 1990ರಲ್ಲಿ ಅದಕ್ಕೆ ಅತ್ಯುತ್ತಮ ಟಾಕ್ ಶೋ ಹೋಸ್ಟ್ ಎಂದು, ಹಗಲಿನ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಡೇಟೈಮ್ ಎಮ್ಮಿ ಪ್ರಶಸ್ತಿ ಸಿಕ್ಕಿತು. ಶೋ 1993ರ ತನಕ ನಡೆಯಿತು. 1994ರಲ್ಲಿ ಲೆನಿ ಬ್ರೂಸ್ ತಾಯಿಯ ಬದುಕಿನ ಮೇಲಿನ ನಾಟಕದಲ್ಲಿ ತಾವೇ ಆ ತಾಯಿಯಾಗಿ ನಟಿಸಿ, ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು. ಹಳೆಯ ಚೀಟಿಯ ಋಣ ತೀರಿತು ಅನ್ನಿ.

ಅದೇ 1990ರಲ್ಲಿ ಇನ್ನೊಂದು ಕೆಲಸಕ್ಕೆ ಕೈ ಹಾಕಿದರು. ಕ್ಯೂವಿಸಿ ಎಂಬ ಶಾಪಿಂಗ್ ಚಾನೆಲ್‌ನಲ್ಲಿ ಆಭರಣ ಮಾರತೊಡಗಿದರು. ಅಸಲಿ ಚಿನ್ನ ವಜ್ರ ಅಲ್ಲ, ಎಲ್ಲರ ಕೈಗೆಟುಕುವ ಫ್ಯಾಷನ್ ಆಭರಣ. ಬಟ್ಟೆಗೆ ಚುಚ್ಚಿಕೊಳ್ಳುವ ಅವರ ಜೇನುನೊಣದ ಬ್ರೋಚ್ ಬಲು ಹೆಸರಾಯಿತು. ಆಗ ಶಾಪಿಂಗ್ ಚಾನೆಲ್‌ಗೆ ಹೋಗುವುದೆಂದರೆ ಸ್ಟಾರ್‌ಗಿರಿ ಮುಗಿಯಿತು ಎಂದೇ ಅರ್ಥ. ಎಲ್ಲರೂ ಮೂಗು ಮುರಿದರು. ಆದರೆ ಸ್ವಲ್ಪ ಹತ್ತಿರದಿಂದ ನೋಡಿದರೆ, ಸ್ಟ್ಯಾಂಡ್‌ಅಪ್‌ಗೆ ಇದಕ್ಕಿಂತ ಹತ್ತಿರದ ಟಿವಿ ಕೆಲಸ ಇನ್ನೊಂದಿಲ್ಲ. ಲೈವ್ ಪ್ರಸಾರ. ಒಂದು ಗಂಟೆ ನಿಲ್ಲಿಸದೆ ಮಾತು. ಎದುರಿಗೆ ಜನ ಕಾಣದಿದ್ದರೂ ಎಷ್ಟು ಬ್ರೋಚ್ ಹೋಯಿತು ಎಂಬ ಸಂಖ್ಯೆ ಕ್ಷಣಕ್ಷಣಕ್ಕೂ ಗೊತ್ತಾಗುತ್ತದೆ. ಕ್ಲಬ್‌ನಲ್ಲಿ ನಗು ಬಂತೋ ಇಲ್ಲವೋ ಎಂದು ತಕ್ಷಣ ತಿಳಿಯುವ ಹಾಗೆ. ಎಲ್ಲಕ್ಕಿಂತ ಮುಖ್ಯವಾಗಿ, ಸರಕು ಅವರದು, ಹೆಸರು ಅವರದು. ವರ್ಷಗಟ್ಟಲೆ ಅವರ ಮನೆ ನಡೆಸಿದ್ದು ಈ ವ್ಯಾಪಾರ. ಇವತ್ತು ಸಿನಿಮಾದವರೆಲ್ಲಾ ತಮ್ಮದೇ ಲಿಪ್‌ಸ್ಟಿಕ್, ತಮ್ಮದೇ ಬಟ್ಟೆ ಎಂದು ಮಾರುತ್ತಾರೆ, ಯಾರೂ ಮೂಗು ಮುರಿಯುವುದಿಲ್ಲ.

ಇನ್ನು ರೆಡ್ ಕಾರ್ಪೆಟ್. ಪ್ರಶಸ್ತಿ ಸಮಾರಂಭಕ್ಕೆ ತಾರೆಯರು ಕಾರಿನಿಂದ ಇಳಿದು ಒಳಗೆ ಹೋಗುವ ಆ ಸ್ವಲ್ಪ ದೂರ ಹಿಂದಿನಿಂದಲೂ ಇತ್ತು. ಫೋಟೋಗ್ರಾಫರ್‌ಗಳು ಇದ್ದರು, ಮುಗುಳ್ನಗೆ ಇತ್ತು, ಎಲ್ಲರಿಗೂ ಶುಭರಾತ್ರಿ. 1990ರ ದಶಕದ ಮಧ್ಯದಲ್ಲಿ 'ಇ!' ಚಾನೆಲ್‌ಗಾಗಿ ಜೋನ್ ಮತ್ತು ಮೆಲಿಸ್ಸಾ ಅಲ್ಲಿ ಮೈಕ್ ಹಿಡಿದು ನಿಂತ ಮೇಲೆ ಅದೇ ಒಂದು ಕಾರ್ಯಕ್ರಮವಾಯಿತು. ಯಾರ ಡಿಸೈನ್ ಹಾಕಿಕೊಂಡಿದ್ದೀರಿ ಎಂಬ ಅವರ ಒಂದೇ ಪ್ರಶ್ನೆ ಇಡೀ ಉದ್ಯಮವನ್ನೇ ಅಲುಗಾಡಿಸಿತು. ಅಲ್ಲಿ ತನಕ ಎಷ್ಟೋ ನಟಿಯರು ತಮಗೆ ತೋಚಿದ್ದು ಉಟ್ಟು ಬರುತ್ತಿದ್ದರು. ಈಗ ಕೋಟ್ಯಂತರ ಜನರ ಮುಂದೆ ಡಿಸೈನರ್ ಹೆಸರು ಹೇಳಬೇಕು, ಹೇಳಿದ ಮೇಲೆ ಜೋನ್ ಅದನ್ನು ಆಡಿಕೊಳ್ಳುತ್ತಾರೆ. ಹಾಗಾಗಿ ಸ್ಟೈಲಿಸ್ಟ್ ಬೇಕಾಯಿತು. ಫ್ಯಾಷನ್ ಕಂಪನಿಗಳಿಗೆ ಇದು ಪುಕ್ಕಟೆ ಜಾಹೀರಾತಾಗಿ ಕಂಡಿತು, ಬಟ್ಟೆ ಕಳಿಸಲು ನಾ ಮುಂದು ತಾ ಮುಂದು ಎಂದು ಬಂದರು. ಇವತ್ತು ಒಂದು ಗೌನ್‌ನ ಹಿಂದೆ ಇರುವ ಒಪ್ಪಂದ, ತಂಡ, ದುಡ್ಡು ಎಲ್ಲಕ್ಕೂ ದಾರಿ ಮಾಡಿಕೊಟ್ಟವರಲ್ಲಿ ಈ ತಾಯಿ ಮಗಳು ಮುಖ್ಯರು.

ಇಲ್ಲೂ ಅವರು ಮಾಡಿದ್ದು ಸ್ಟ್ಯಾಂಡ್‌ಅಪ್ಪೇ. ಟಾಕ್ ಶೋನಲ್ಲಿ ಅತಿಥಿ ಎಂಟು ನಿಮಿಷ ಪಕ್ಕದಲ್ಲಿ ಕೂತಿರುತ್ತಾರೆ, ಅವರ ಮುಖ ನೋಡಬೇಕು, ಮತ್ತೆ ಮುಂದಿನ ತಿಂಗಳು ಕರೆಯಬೇಕು. ಕಾರ್ಪೆಟ್ ಮೇಲೆ ಅರ್ಧ ನಿಮಿಷ, ಆಮೇಲೆ ಅವರು ಹೋದರು, ಜೋಕು ಉಳಿಯಿತು. ಹೆಸರು ತಪ್ಪು ಹೇಳುತ್ತಿದ್ದರು, ಯಾರು ಯಾವ ಸಿನಿಮಾದಲ್ಲಿದ್ದರೆಂದು ಗೊಂದಲ ಮಾಡಿಕೊಳ್ಳುತ್ತಿದ್ದರು. ಜನ ನೋಡುತ್ತಿದ್ದದ್ದು ಅದಕ್ಕಾಗಿಯೂ ಇರಬೇಕು. 2004ರಲ್ಲಿ ಆ ಚಾನೆಲ್ ಬಿಟ್ಟು ಬೇರೆ ಕಡೆ ಹೋದರು, ಅಲ್ಲೂ ಕೆಲವೇ ವರ್ಷ. ಮತ್ತೆ 2010ರಲ್ಲಿ 'ಇ!'ಗೇ ಬಂದು 'ಫ್ಯಾಷನ್ ಪೊಲೀಸ್' ನಡೆಸಿದರು. ಅದಕ್ಕೂ ಮುಂಚೆ, 2009ರಲ್ಲಿ, ಡೊನಾಲ್ಡ್ ಟ್ರಂಪ್ ನಡೆಸುತ್ತಿದ್ದ 'ಸೆಲೆಬ್ರಿಟಿ ಅಪ್ರೆಂಟಿಸ್' ಗೆದ್ದಾಗ ಅವರಿಗೆ 75 ವರ್ಷ.

ಡ್ರಾಯರ್‌ಗಳು

ಬಾಯಿಗೆ ಬಂದದ್ದು ಹೇಳುವವರು ಎಂದು ಜೋನ್ ಬಗ್ಗೆ ಒಂದು ಮಾತಿದೆ. ನೋಡುವವರಿಗೆ ಹಾಗನ್ನಿಸಬೇಕು ಎಂದೇ ಅವರು ಅಷ್ಟು ಕಷ್ಟಪಡುತ್ತಿದ್ದರು. 2010ರಲ್ಲಿ ಅವರ ಮೇಲೆ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಅವರ ಮನೆಯ ಒಂದು ಗೋಡೆಯ ಹತ್ತಿರ ಲೈಬ್ರರಿಯಲ್ಲಿ ಇರುವಂಥ ಸಣ್ಣ ಸಣ್ಣ ಡ್ರಾಯರ್‌ಗಳ ಕಪಾಟು ಕಾಣುತ್ತದೆ. ಒಂದೊಂದು ಡ್ರಾಯರ್ ತುಂಬಾ ಕಾರ್ಡ್‌ಗಳು, ಒಂದೊಂದು ಕಾರ್ಡ್ ಮೇಲೂ ಟೈಪ್ ಮಾಡಿದ ಜೋಕು, ವಿಷಯವಾರು ಜೋಡಿಸಿದ್ದು. ಅಂಥ ಕಾರ್ಡ್‌ಗಳು 65 ಸಾವಿರಕ್ಕೂ ಹೆಚ್ಚಿದ್ದವು. ಈಗ ಅವು ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿರುವ ನ್ಯಾಷನಲ್ ಕಾಮಿಡಿ ಸೆಂಟರ್‌ಗೆ ಸೇರಿವೆ.

ಅದೇ ಚಿತ್ರದಲ್ಲಿ ಅವರು ಡೈರಿ ತೆರೆದು ಖಾಲಿ ಪುಟ ತೋರಿಸಿ, ಭಯ ಅಂದರೆ ಇದು ಅನ್ನುತ್ತಾರೆ. ದುಡ್ಡಿನ ಅಗತ್ಯ ನಿಜವಾಗಿಯೂ ಇತ್ತು. ದೊಡ್ಡ ಮನೆ, ಕೆಲಸದವರು, ಅವರ ಮಕ್ಕಳ ಸ್ಕೂಲ್ ಫೀಸು. ಆದರೆ ಬರೀ ದುಡ್ಡಲ್ಲ ಎಂಬುದು ಮುಖದಲ್ಲೇ ಗೊತ್ತಾಗುತ್ತದೆ.

ಇನ್ನೊಂದು ದೃಶ್ಯ ನೋಡಲು ಕಷ್ಟ, ಆದರೆ ಅವರನ್ನು ಅರ್ಥ ಮಾಡಿಕೊಳ್ಳಲು ಬೇಕೇ ಬೇಕು. ವಿಸ್ಕಾನ್ಸಿನ್‌ನ ಒಂದು ಕ್ಯಾಸಿನೋ ಶೋ. ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲ್ಲರ್ ಬಗ್ಗೆ ಅವರು ಒಂದು ಜೋಕು ಹೇಳುತ್ತಾರೆ. ಜನರ ನಡುವಿನಿಂದ ಒಬ್ಬರು, ಮಗ ಕಿವುಡನಾದರೆ ಇದು ನಗುವ ವಿಷಯ ಅಲ್ಲ ಎಂದು ಕೂಗುತ್ತಾರೆ. ಜೋನ್ ಸಿಡಿದೇಳುತ್ತಾರೆ. ನನ್ನ ಅಮ್ಮನೂ ಕಿವುಡಿಯಾಗಿದ್ದಳು, ಕಾಮಿಡಿ ಇರುವುದೇ ಎಲ್ಲದರ ಬಗ್ಗೆಯೂ ನಗಿಸಿ ಅದನ್ನು ತಾಳಿಕೊಳ್ಳುವಂತೆ ಮಾಡಲು ಎಂದು ಕಿರುಚುತ್ತಾರೆ. ಇಡೀ ಹಾಲ್ ಅವರ ಪರ ಚಪ್ಪಾಳೆ ತಟ್ಟುತ್ತದೆ. ಶೋ ಮುಗಿದ ಮೇಲೆ, ಮೈಕ್ ಇಲ್ಲದಾಗ, ಆ ಮನುಷ್ಯನ ಬಗ್ಗೆ ಅಯ್ಯೋ ಅನ್ನುತ್ತಾರೆ. ಆ ಮನುಷ್ಯನ ನೋವು ನಿಜ, ಇವರ ವಾದವೂ ಪೂರ್ತಿ ಸುಳ್ಳಲ್ಲ. ಆದರೆ ಜೋನ್ ಎಲ್ಲಾ ಸಲವೂ ಸರಿ ಇದ್ದರು ಎಂದು ನಾನು ಹೇಳಲಾರೆ. ನಟಿ ಎಲಿಜಬೆತ್ ಟೇಲರ್ ಅವರ ಮೈತೂಕದ ಮೇಲೆ ವರ್ಷಗಟ್ಟಲೆ ಮಾಡಿದ ಜೋಕುಗಳು ಇವತ್ತು ಕೇಳಿದರೆ ಸುಮ್ನೆ ಹಳಸಲು ಅನ್ನಿಸುತ್ತವೆ. ತನ್ನನ್ನೇ ಗುರಿ ಮಾಡಿಕೊಂಡಾಗ ಇದ್ದ ಚುರುಕು, ಬೇರೆ ಹೆಂಗಸರ ಮೈಯನ್ನು ಗುರಿ ಮಾಡಿಕೊಂಡಾಗ ಇರಲಿಲ್ಲ.

ಕೊನೆಯ ವರ್ಷ

2014ರ ಫೆಬ್ರವರಿ 17ರಂದು ಜಿಮ್ಮಿ ಫ್ಯಾಲನ್ 'ಟುನೈಟ್ ಶೋ' ವಹಿಸಿಕೊಂಡರು. ಮೊದಲ ರಾತ್ರಿ ಸಾಲಾಗಿ ಬಂದು ಮುಖ ತೋರಿಸಿ ಹೋದ ತಾರೆಯರಲ್ಲಿ ಜೋನ್ ಕೂಡ ಒಬ್ಬರು. ಕಾರ್ಸನ್ ಪಕ್ಕದಲ್ಲಿ ಮೊದಲ ಸಲ ಕೂತು ಅವತ್ತಿಗೆ ಸರಿಯಾಗಿ 49 ವರ್ಷ. ಮಾರ್ಚ್‌ನಲ್ಲಿ ಮತ್ತೆ ಕರೆಸಿ, ಸೋಫಾದ ಮೇಲೆ ಕೂರಿಸಿ ಮಾತಾಡಿಸಿದರು.

ಆಗಸ್ಟ್ 27ರ ರಾತ್ರಿ ಮ್ಯಾನ್‌ಹಟನ್‌ನ ಲಾರಿ ಬೀಚ್‌ಮನ್ ಥಿಯೇಟರ್‌ನಲ್ಲಿ ಶೋ ಮಾಡಿದರು. ಅದು ಪುಟ್ಟ ಜಾಗ. ಹೊಸ ಜೋಕುಗಳನ್ನು ಅಲ್ಲಿನ ಜನರ ಮೇಲೆ ಪ್ರಯೋಗಿಸಿ ನೋಡುವುದು ಅವರ ರೂಢಿ. ಮಾರನೇ ದಿನ ಗಂಟಲಿನ ಒಂದು ಸಾಮಾನ್ಯ ತಪಾಸಣೆಗೆ ಕ್ಲಿನಿಕ್‌ಗೆ ಹೋದವರಿಗೆ ಅಲ್ಲೇ ಉಸಿರಾಟ ನಿಂತು, ಹೃದಯ ನಿಂತಿತು. ಸೆಪ್ಟೆಂಬರ್ 4ರಂದು ತೀರಿಕೊಂಡರು. 81 ವರ್ಷ. ಮಗಳು ಹೂಡಿದ ಮೊಕದ್ದಮೆ 2016ರಲ್ಲಿ ರಾಜಿಯಲ್ಲಿ ಮುಗಿಯಿತು.

ಅವರ ನಂತರ ಆ ಕುರ್ಚಿಗಳ ಕಥೆ ಏನಾಯಿತು ಎಂದು ಕೇಳಬಹುದು. ಕೇಬಲ್‌ನಲ್ಲಿ ಚೆಲ್ಸಿ ಹ್ಯಾಂಡ್ಲರ್, ಸಮಂತಾ ಬೀ ಬಂದರು. ನೆಟ್‌ವರ್ಕ್‌ನಲ್ಲಿ, ನಡುರಾತ್ರಿ ದಾಟಿದ ಮೇಲಿನ ಸಮಯದಲ್ಲಿ, 2019ರಲ್ಲಿ ಲಿಲ್ಲಿ ಸಿಂಗ್, 2024ರಲ್ಲಿ ಟೇಲರ್ ಟಾಮ್ಲಿನ್‌ಸನ್ ಬಂದರು. ಎರಡೂ ಶೋ ಬೇಗ ಮುಗಿದವು. ಟಾಮ್ಲಿನ್‌ಸನ್ ಅಂತೂ ತಾವಾಗಿಯೇ ಬಿಟ್ಟು ಸ್ಟ್ಯಾಂಡ್‌ಅಪ್‌ಗೆ ಮರಳಿದರು. ಎನ್‌ಬಿಸಿ, ಸಿಬಿಎಸ್, ಎಬಿಸಿ ಈ ಮೂರರ ಹನ್ನೊಂದೂವರೆಯ ಮುಖ್ಯ ಶೋಗಳನ್ನು ಮಾತ್ರ ಇದುವರೆಗೆ ಖಾಯಂ ಆಗಿ ಒಬ್ಬ ಮಹಿಳೆಗೂ ಕೊಟ್ಟಿಲ್ಲ. ಈಗ ಆ ಸಮಯವೇ ಕರಗುತ್ತಿದೆ: ಸ್ಟೀಫನ್ ಕೋಲ್ಬೇರ್ ಅವರ ಶೋವನ್ನು 2026ರ ಮೇನಲ್ಲಿ ನಿಲ್ಲಿಸುವುದಾಗಿ ಸಿಬಿಎಸ್ 2025ರ ಜುಲೈನಲ್ಲಿ ಪ್ರಕಟಿಸಿತು, ಕಾರಣ ಹಣಕಾಸಿನದು ಎಂದು ಹೇಳಿತು. ಹೊಸ ಕಾಮಿಡಿಯನ್‌ಗಳು ತಮ್ಮದೇ ಪಾಡ್‌ಕಾಸ್ಟ್, ತಮ್ಮದೇ ಯೂಟ್ಯೂಬ್ ಚಾನೆಲ್ ಮಾಡಿಕೊಂಡು, ಕುರ್ಚಿಯನ್ನೂ ತಾವೇ ಕೊಂಡುಕೊಳ್ಳುತ್ತಿದ್ದಾರೆ.